ಕಾಕುವಿನ ಮಾತು ಹುಡುಕಿದ ಮಾಸ್ತರು

ನಮ್ಮ ಟೈಪಿಂಗ್ ಮಾಸ್ತರರ ಬೆರಳುಗಳು ಸುಮ್ಮನೆ ಕೂತದ್ದನ್ನು ಒಂದು ದಿನ ಬಿಟ್ಟರೆ ನಾನು ಕಂಡವಳಲ್ಲ. ಎದುರಿಗಿದ್ದವರು ಮಾತಾಡುತ್ತಿದ್ದರೆ ಅವರ ಒಂದೊಂದು ಪದವೂ ಮಾಸ್ತರರ ತೊಡೆಯ ಮೇಲೆ ಟೈಪ್ ಆಗುತ್ತಿತ್ತು. ಬಿಳಿ ಪಾಯಜಾಮದ ಮೇಲೆ, ಹಾರ್ಬರ್ ಲೋಕಲ್ ರೈಲಿನ ಕಿಟಕಿಯ ಸರಳಿನ ಮೇಲೆ, ಚಹಾದ ಕಪ್ಪಿನ ಅಂಚಿನ ಮೇಲೆ ಆ ಬೆರಳುಗಳು ಓಡುತ್ತಲೇ ಇರುತ್ತಿದ್ದವು. ತುದಿಗಳು ಚಪ್ಪಟೆಯಾಗಿ, ಯಾರೋ ಒತ್ತಿ ಹಿಡಿದು ಬಿಟ್ಟಂತಿದ್ದವು.

ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಅವರದು ನಮ್ಮ ಎದುರಿನ ಮನೆ. ಧಾರವಾಡದ ಕಡೆಯವರು. ಕುರ್ಲಾ ಸ್ಟೇಷನ್ನಿನ ಹತ್ತಿರ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದರು. ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದವು, ಆಮೇಲೆ ಮಕ್ಕಳು ಬರುವುದೂ ನಿಂತು ಕ್ಲಾಸು ಮುಚ್ಚಿತು. ನಾನು ಮೊದಲು ಕೀಬೋರ್ಡ್ ಮುಟ್ಟಿದ್ದು ಅಲ್ಲೇ. ಈಗ ಜೋಗೇಶ್ವರಿಯ ಒಂದು ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ಬರೆಯುವ ಕೆಲಸ ನನ್ನದು.

ಅವರ ಹೆಂಡತಿಯನ್ನು ನಾವೆಲ್ಲ ಮರಾಠಿಯವರಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮಕ್ಕಳಿಲ್ಲದ ಮನೆಯಾದರೂ ಅಲ್ಲಿ ಸದ್ದಿಗೆ ಕೊರತೆಯಿರಲಿಲ್ಲ. ಕಾಕು ತರಕಾರಿ ಮಾರುವ ಭಾಜಿವಾಲಾನ ಜೊತೆ, ಲಿಫ್ಟಿನ ಜೊತೆ, ಒಲೆಯ ಮೇಲಿನ ಹಾಲಿನ ಜೊತೆ ಮಾತಾಡುತ್ತಿದ್ದಳು. ಮಾಸ್ತರು ಹೆಚ್ಚು ಮಾತಿನವರಲ್ಲ. ಆಕೆ ಮಾತಾಡುತ್ತಿದ್ದಳು, ಅವರ ಬೆರಳುಗಳು ಓಡುತ್ತಿದ್ದವು. ಅವರ ಸಂಸಾರ ಹೀಗೇ ನಡೆದಿತ್ತು.

ಒಂದು ಬೆಳಿಗ್ಗೆ ಕಾಕುವಿಗೆ ಲಕ್ವಾ ಹೊಡೆಯಿತು. ಜೀವ ಉಳಿಯಿತು, ಎಡಗೈ ಉಳಿಯಿತು, ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ಮಾತು ಮಾತ್ರ ಹೋಯಿತು. ಓದಲೂ ಆಗುತ್ತಿರಲಿಲ್ಲ. ಏನೋ ಹೇಳಲು ಬಾಯಿ ತೆರೆಯುವಳು, ಬರದಿದ್ದಾಗ ತನ್ನ ತುಟಿಯನ್ನು ತಾನೇ ಎಡಗೈಯಿಂದ ಹೊಡೆದುಕೊಳ್ಳುವಳು. ಮಾಸ್ತರು ಆ ಕೈ ಹಿಡಿದುಕೊಂಡು ಕೂತುಬಿಡುತ್ತಿದ್ದರು.

ಇಂಥವರಿಗೆಂದೇ ಮಾಡಿದ ಆ್ಯಪ್‌ಗಳನ್ನು ನಾನು ಫೋನಿಗೆ ಹಾಕಿಕೊಟ್ಟೆ. ಲೋಟದ ಚಿತ್ರ ಒತ್ತಿದರೆ ವಾರ್ತೆ ಓದುವ ದನಿಯೊಂದು ‘ನನಗೆ ನೀರು ಬೇಕಾಗಿದೆ’ ಎನ್ನುತ್ತಿತ್ತು. ಕಾಕು ತನ್ನ ಜನ್ಮದಲ್ಲಿ ‘ಬೇಕಾಗಿದೆ’ ಅಂದವಳಲ್ಲ. ಒಮ್ಮೆ ಒತ್ತಿ ಕೇಳಿದಳು, ಫೋನನ್ನು ಬೋರಲು ಹಾಕಿ ಗೋಡೆಯ ಕಡೆ ತಿರುಗಿದಳು.

ಒಂದು ಭಾನುವಾರ ಮಾಸ್ತರು ನಮ್ಮ ಮನೆಗೆ ಬಂದು, “ತಂಗಿ, ಕೋಡ್ ಬರದು ಕೊಡೂ ಎಐ ಐತಂತಲ್ಲ, ನೀವು ಆಫೀಸಿನ್ಯಾಗ ಬಳಸ್ತೀರಂತ. ನನಗ ಕಲಸ್ತೀ ಏನು?” ಎಂದರು.

“ನಾನೇ ಮಾಡಿ ಕೊಡ್ತೀನ್ರಿ ಸರ್.”

“ಬ್ಯಾಡವಾ. ಆಕಿಗೆ ಇವತ್ತ ಒಂದು ಬೇಕಾಗತೈತಿ, ನಾಳೆ ಇನ್ನೊಂದು. ದಿನಾ ನಿನ್ನ ಎಲ್ಲಿ ಕರೀಲಿ? ನಾನ ಕಲೀತೀನಿ.”

ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಹೊಂದಿಸಿಕೊಟ್ಟೆ. ಮೊದಲ ದಿನ ಅವರು ಒಂದೇ ಸಾಲು ಬರೆದರು: ಮಾತು ಬಾರದ ನನ್ನ ಹೆಂಡತಿಗೆ ಒಂದು ಆ್ಯಪ್ ಮಾಡು. ಅದು ಮಾಡಿತು. ಲಾಗಿನ್, ಪಾಸ್‌ವರ್ಡ್, ಇಂಗ್ಲಿಷ್ ಪದಗಳ ದೊಡ್ಡ ಮೆನು, ಬಣ್ಣ ಬದಲಿಸುವ ಸೌಕರ್ಯ, ಎಲ್ಲ ಇತ್ತು. ಮಾಸ್ತರು ಅದನ್ನು ಒಂದೊಂದಾಗಿ ಒತ್ತಿ ನೋಡಿದರು. “ಇದರ ತಪ್ಪಲ್ಲ ತಂಗಿ. ಆಕಿ ಯಾರು ಅಂತ ನಾ ಇದಕ್ಕ ಹೇಳೇ ಇಲ್ಲ” ಎಂದರು.

ಮರುದಿನ ಅವರು ಬರೆದದ್ದು ಒಂದು ಪುಟದಷ್ಟಿತ್ತು. ಇಡೀ ಆಯುಷ್ಯ ಬೇರೆಯವರ ಅರ್ಜಿಗಳನ್ನು ಟೈಪ್ ಮಾಡಿದ ಮನುಷ್ಯ ತನ್ನ ಹೆಂಡತಿಯ ಬಗ್ಗೆ ಬರೆದಿದ್ದರು. ಆಕೆಗೆ ಎಡಗೈ ಮಾತ್ರ ನಡೆಯುತ್ತದೆ, ಹೆಬ್ಬೆರಳು ನಡುಗುತ್ತದೆ, ಒಮ್ಮೆ ಒತ್ತಲು ಹೋಗಿ ಎರಡು ಸಲ ಒತ್ತಬಹುದು. ಓದಲು ಬರುವುದಿಲ್ಲ, ಆದರೆ ತನ್ನ ಲೋಟ, ತನ್ನ ನೀಲಿ ಶಾಲು ಗುರುತು ಹಿಡಿಯುತ್ತಾಳೆ. ಸಿಟ್ಟು ಬೇಗ ಬರುತ್ತದೆ, ಹಾಗಾಗಿ ಒಂದು ಪರದೆಯಲ್ಲಿ ನಾಲ್ಕೇ ಚಿತ್ರ ಇರಲಿ. ಕೊನೆಗೆ, ಈಗಲೇ ಏನನ್ನೂ ಬರೆಯಬೇಡ, ತಿಳಿಯದ್ದಿದ್ದರೆ ಮೊದಲು ಕೇಳು.

ಅದು ಕೇಳಿದ ಪ್ರಶ್ನೆಗಳಲ್ಲಿ ಒಂದು ನನಗೆ ಇನ್ನೂ ನೆನಪಿದೆ: ಪರದೆಯ ಎರಡೂ ಬದಿ ಅವರಿಗೆ ಸರಿಯಾಗಿ ಕಾಣುತ್ತದೆಯೇ? ಮಾಸ್ತರು ಅಡುಗೆಮನೆಯಿಂದ ಒಂದು ಚಮಚ ತಂದು ಕಾಕುವಿನ ಮುಖದ ಮುಂದೆ ಎಡದಿಂದ ಬಲಕ್ಕೆ ನಿಧಾನ ಸರಿಸಿದರು. ಅರ್ಧ ದಾರಿಯಲ್ಲಿ ಕಾಕುವಿನ ಕಣ್ಣು ಚಮಚವನ್ನು ಬಿಟ್ಟುಬಿಟ್ಟಿತು. ಅಷ್ಟು ದಿನವೂ ತಟ್ಟೆಯ ಬಲಗಡೆ ಉಳಿಯುತ್ತಿದ್ದ ರೊಟ್ಟಿ, ಪಲ್ಯ ಆಕೆಗೆ ಸೇರುತ್ತಿಲ್ಲ ಎಂದು ಅವರು ತಿಳಿದಿದ್ದರು. ಆಕೆಗೆ ಅದು ಕಾಣುತ್ತಲೇ ಇರಲಿಲ್ಲ. ಚಮಚ ಹಿಡಿದುಕೊಂಡೇ ಅವರು ಅಡುಗೆಮನೆಗೆ ಹೋದರು. ತಿರುಗಿ ಬರಲು ತಡವಾಯಿತು. ಅವತ್ತಿನಿಂದ ಊಟದ ನಡುವೆ ತಟ್ಟೆಯನ್ನು ಸುತ್ತಿಸಿ ಕೊಡುವುದು ಅವರ ರೂಢಿಯಾಯಿತು. ಚಿತ್ರಗಳೆಲ್ಲ ಪರದೆಯ ಎಡಕ್ಕೆ ಬಂದವು.

ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು ಅವರ ಪದ್ಧತಿ. ಅದು ಬರೆದದ್ದನ್ನು ಸಾಲು ಸಾಲಾಗಿ ಓದುವರು, ತಿಳಿಯದ ಕಡೆ ನಿಲ್ಲಿಸಿ, “ಈ ಸಾಲು ತೆಗೆದರೆ ಏನಾಗುತ್ತದೆ?” ಎಂದು ಅದನ್ನೇ ಕೇಳುವರು. ಅದು ‘ಆಯಿತು, ಸರಿಯಾಗಿದೆ’ ಎಂದು ಬರೆದರೆ ನಂಬುತ್ತಿರಲಿಲ್ಲ. “ಆತು ಅಂತ ಆಕಿ ಬೆರಳ ಹೇಳಬೇಕು” ಎನ್ನುತ್ತ ಫೋನನ್ನು ಕಾಕುವಿನ ಕೈಗೆ ಕೊಡುವರು. ಮಾತುಕತೆ ಗೋಜಲಾಗಿ ಅದು ಒಂದೇ ತಪ್ಪನ್ನು ತಿರುಗಿಸಿ ತಿರುಗಿಸಿ ಮಾಡತೊಡಗಿದರೆ ಜಗಳಕ್ಕೆ ನಿಲ್ಲುತ್ತಿರಲಿಲ್ಲ, ಹಾಳೆ ಬದಲಿಸಿದಂತೆ ಹೊಸದಾಗಿ ಶುರುಮಾಡುವರು. ಕ್ಲಾಸಿನಲ್ಲಿ ನಮ್ಮ ಜೊತೆಗೂ ಹಾಗೇ ಇದ್ದರು.

ದನಿ ಕಾಕುವಿನದೇ ಆಗಿರಬೇಕು ಎಂಬುದು ಅವರ ಹಟ. ಲಕ್ವಾಕ್ಕೆ ಮುಂಚೆ ಆಕೆ ಕಳಿಸಿದ್ದ ವಾಯ್ಸ್ ಮೆಸೇಜುಗಳು ಅವರ ಹಳೆಯ ಫೋನಿನಲ್ಲಿದ್ದವು. ಅವನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡು ಪದ ಪದ ಕತ್ತರಿಸುತ್ತಿದ್ದರು. ಅಷ್ಟರಲ್ಲಿ ಹಳೆಯ ಫೋನು ಕೆಟ್ಟುಹೋಯಿತು, ಅದರ ಗೊಡವೆಗೆ ಹೋಗಲಿಲ್ಲ.

ಒಂದು ದಿನ ಆಫೀಸಿನಲ್ಲಿದ್ದಾಗ ಅವರ ಕರೆ ಬಂತು. “ಬರ್ತೀ ಏನವಾ?” ಎಂದಷ್ಟೇ ಅಂದರು. ದನಿ ಕೇಳಿಯೇ ಹೊರಟೆ.

ಲ್ಯಾಪ್‌ಟಾಪ್ ತೆರೆದೇ ಇತ್ತು. ಕಾಕುವಿಗೆ ಆವೊತ್ತು ಜ್ವರವಂತೆ, ಮಾಸ್ತರು ನಿದ್ದೆಗೆಟ್ಟಿದ್ದರಂತೆ. ಬೇಡದ ಕಡತಗಳನ್ನು ತೆಗೆದುಹಾಕು ಎಂದು ಎಐಗೆ ಬರೆದಿದ್ದರು. ಆ್ಯಪ್ ಯಾವುದನ್ನು ಬಳಸುತ್ತಿರಲಿಲ್ಲವೋ ಅದೆಲ್ಲ ಬೇಡದ್ದು ಎಂದು ಅದು ತಿಳಿದಿತ್ತು. ಕತ್ತರಿಸದೆ ಉಳಿದಿದ್ದ ರೆಕಾರ್ಡಿಂಗ್‌ಗಳೆಲ್ಲ ಅದರಲ್ಲಿ ಸೇರಿದ್ದವು. ಕೋಡಿನ ಹಳೆಯ ಪ್ರತಿಗಳಿದ್ದವು, ದನಿಯ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿ ನೋಡಿದೆ. ಬರಲಿಲ್ಲ.

“ಅಳಿಸಲೇನು ಅಂತ ಕೇಳಿತ್ತು ತಂಗಿ. ನಾನ ಹೂಂ ಅಂದೆ” ಎಂದರು. “ಏನ ಬ್ಯಾಡ ಅಂತ ಹೇಳಿದೆ. ಏನ ಬೇಕು ಅಂತ ಹೇಳೂದ ಬಿಟ್ಟೆ.” ಅವರ ಬೆರಳುಗಳು ತೊಡೆಯ ಮೇಲೆ ಬಿಗಿಯಾಗಿ ಮಡಚಿದ್ದವು. ಒಳಗೆ ಕಾಕು ಮಲಗಿದ್ದಳು. ಆಕೆಗೆ ಕೇಳಬಾರದೆಂದು ಬಾಯಿಗೆ ಟವೆಲ್ ಒತ್ತಿಕೊಂಡು ಅವರು ಅತ್ತರು.

ನಮ್ಮವ್ವ ಚಹಾ ತಂದವಳು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. “ಅದಕ್ಯಾಕ ಅಳ್ತೀರಿ ಮಾಸ್ತರ್ರ? ಅಕಿ ದನಿ ನನ್ನ ಫೋನಿನ್ಯಾಗ ಇಲ್ಲೇನು? ಕರಿಬೇವು ಕೇಳಾಕೂ ಮೆಸೇಜ್ ಹಾಕ್ತಿದ್ಲು” ಎಂದಳು.

ಆಮೇಲಿನ ಸಂಜೆಗಳಲ್ಲಿ ಮಾಸ್ತರು ಮನೆ ಮನೆ ಹತ್ತಿ ಇಳಿದರು. ಯಾರ ಮನೆಗೂ ಹೋಗಿ ಕೂತವರಲ್ಲ. ಈಗ ಎಲ್ಲರ ಸೋಫಾದ ಅಂಚಿನಲ್ಲಿ ಕೂತು, ಹೆಂಗಸರು ತಮ್ಮ ಫೋನಿನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗುವುದನ್ನು ಕಾಯುತ್ತಿದ್ದರು. ‘ಕರಿಬೇವು ಐತೇನ್ರಿ?’ ‘ನೀರ ಬಂತು, ತುಂಬಕೋರಿ.’ ‘ಅಯ್ಯ, ಬ್ಯಾಡ ಬಿಡ್ರಿ.’ ಕೆಳಗಿನ ಮನೆಯ ತಮಿಳು ಹೆಂಗಸಿನ ಹತ್ತಿರ ಕಾಕುವಿನ ಹರಕು ಮುರುಕು ಹಿಂದಿ ಸಿಕ್ಕಿತು. ಇನ್ನೊಬ್ಬರ ಫೋನಿನಲ್ಲಿ ಆಕೆ ಗಂಡನ ಮೇಲೆ ಚಾಡಿ ಹೇಳಿದ್ದಳು: ‘ನಮ್ಮ ಮನೀಯವರಿಗೆ ಸಾರಿಗೆ ಉಪ್ಪ ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ. ಸುಮ್ಮನ ಉಣ್ತಾರ!’ ಕೊನೆಗೆ ದೊಡ್ಡ ನಗು. ಆ ಮನೆಯಾಕೆ ಮುಜುಗರದಿಂದ ಫೋನು ತೆಗೆದುಕೊಳ್ಳಲು ಹೋದಳು. ಮಾಸ್ತರು, “ಇನ್ನೊಮ್ಮೆ ಹಚ್ಚರಿ” ಎಂದರು. ಮತ್ತೆ, “ಇನ್ನೊಮ್ಮೆ.”

ಹೀಗೆ ಸಿಕ್ಕಿದ ಮಾತುಗಳಿಂದ ಆ್ಯಪ್ ಆಯಿತು. ಉಪ್ಪಿನ ಚಾಡಿಯನ್ನೂ ಸೇರಿಸಿದರು, ಉಪ್ಪಿನ ಡಬ್ಬಿಯ ಫೋಟೋ ಹಾಕಿ. ಕಾಕು ಮೊದಲ ಸಲ ಅದನ್ನು ಒತ್ತಿದಾಗ ತನ್ನ ದನಿ ಕೇಳಿ ಬೆಚ್ಚಿದಳು. ಮತ್ತೆ ಒತ್ತಿದಳು. ಅರ್ಧ ಬಾಯಿಯಲ್ಲಿ ನಕ್ಕಳು. ಮಾಸ್ತರು ಆಕೆಯ ಮುಂದೆ ನೆಲದ ಮೇಲೆ ಕೂತು, “ಬೈಯಿ, ಇನ್ನೂ ಬೈಯಿ” ಎನ್ನುತ್ತಿದ್ದರು. ಅವರು ಅಷ್ಟು ದೊಡ್ಡದಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅವರು ಹೋದದ್ದು ಹಾಲು ತರಲು ಕೆಳಗಿಳಿದಾಗ. ಮೆಟ್ಟಿಲ ಮೇಲೆ ಸುಸ್ತಾಗಿ ಕೂತರಂತೆ, ವಾಚ್‌ಮನ್ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎದೆಯ ತೊಂದರೆಯನ್ನು ಯಾರಿಗೂ ಹೇಳಿರಲಿಲ್ಲ.

ಊರಿಂದ ನೆಂಟರು ಬಂದರು, ಅತ್ತರು, ಹೋದರು. ಕಾಕುವಿನ ತಂಗಿ ಉಳಿದುಕೊಂಡಳು. ಒಂದು ಮಧ್ಯಾಹ್ನ ಕಾಕು ನನ್ನ ಕೈ ಎಳೆದು ಕೂರಿಸಿ ಫೋನನ್ನು ಮಡಿಲಲ್ಲಿಟ್ಟಳು. ಚಿತ್ರಗಳ ಮೇಲೆಲ್ಲ ಹೆಬ್ಬೆರಳು ಆಡಿಸಿ, ಕೆಳಗಿನ ಖಾಲಿ ಜಾಗವನ್ನು ಒತ್ತತೊಡಗಿದಳು. ಒತ್ತಿ ನನ್ನ ಮುಖ ನೋಡುವಳು, ಕಿಟಕಿಯ ಬಳಿಯಿದ್ದ ಮಾಸ್ತರರ ಕುರ್ಚಿ ತೋರಿಸುವಳು, ಮತ್ತೆ ಖಾಲಿ ಜಾಗವನ್ನೇ ಒತ್ತುವಳು. ನನಗೆ ತಿಳಿಯಲಿಲ್ಲ. ತಿಳಿದದ್ದು ಅವ್ವನಿಗೆ.

“ಎಲ್ಲಾರೂ ಬಂದು ‘ಮಾಸ್ತರ ಹ್ವಾದ್ರು’ ಅಂತ ಅಕಿ ಮುಂದ ಹೇಳಿ ಅತ್ತ ಹೋಗ್ಯಾರ. ಅಕಿಗೂ ಹೇಳೂದೈತಿ. ಹೇಳಾಕ ಬಟನ್ ಇಲ್ಲ.”

ಆ ಮಾತನ್ನು ಕಾಕು ಯಾರ ಫೋನಿನಲ್ಲೂ ಆಡಿರಲಿಲ್ಲ. ನಾನು ರೆಕಾರ್ಡಿಂಗ್ ಶುರುಮಾಡಿ ಫೋನನ್ನು ಆಕೆಯ ಬಾಯ ಹತ್ತಿರ ಹಿಡಿದೆ. ನಾಲಿಗೆ ಹೊರಳಲಿಲ್ಲ. ಕಣ್ಣಲ್ಲಿ ನೀರು ಬಂತು, ಆದರೆ ಈ ಸಲ ಆಕೆ ತುಟಿಗೆ ಹೊಡೆದುಕೊಳ್ಳಲಿಲ್ಲ. ಆಕೆಯ ತಂಗಿ ಬೆನ್ನು ನೀವುತ್ತಿದ್ದಳು. ಬಹಳ ಹೊತ್ತಿನ ಮೇಲೆ ಉಸಿರಿನ ಜೊತೆ ಒಂದು ಸದ್ದು ಬಂತು: “ಹ್ವಾ... ಹ್ವಾದ್...” ‘ಹ್ವಾದ್ರು’ ಎಂಬುದರ ಕೊನೆ ಬರಲಿಲ್ಲ. ಅಷ್ಟನ್ನೇ ಉಳಿಸಿಕೊಂಡೆ. ಚಿತ್ರಕ್ಕೆ ಮಾಸ್ತರರ ಫೋಟೋ ಹಾಕಹೋದೆ, ಕಾಕು ಬೇಡವೆಂದು ಕೈಯಾಡಿಸಿ ಕುರ್ಚಿ ತೋರಿಸಿದಳು. ಖಾಲಿ ಕುರ್ಚಿಯ ಫೋಟೋ ತೆಗೆದೆ.

ಹೊಸ ಬಟನ್ ಬರೆದುಕೊಡಲು ಎಐಗೆ ಹೇಳಬೇಕಿತ್ತು. ದಿನವೂ ಮಾಡುವ ಕೆಲಸ, ಒಂದು ಸಾಲು ಸಾಕಾಗುತ್ತಿತ್ತು. ಆದರೆ ಮಾಸ್ತರು ಕಲಿಸಿಕೊಟ್ಟಂತೆ, ಇದು ಯಾರಿಗೆ, ಯಾಕೆ ಎಂದು ಮೊದಲು ಬರೆಯಲು ಕೂತೆ. ‘ಇವರ ಪತಿ’ ಎಂದು ಟೈಪ್ ಮಾಡಿದೆ. ಮುಂದಿನ ಪದ ಬರೆದು, ಅಳಿಸಿ, ಮತ್ತೆ ಬರೆದೆ, ಆ ರಾತ್ರಿಯೇ ಬಟನ್ ಮುಗಿಸಿದೆ.

ಮರುದಿನ ಬೆಳಿಗ್ಗೆ ಭಾಜಿವಾಲಾ ಬಂದ. ಊರಿಗೆ ಹೋಗಿದ್ದವನು, ಏನೂ ಗೊತ್ತಿರಲಿಲ್ಲ. ಮೇಥಿ ಸೊಪ್ಪಿನ ಕಟ್ಟು ಎತ್ತಿ ಹಿಡಿದು, “ಮಾಸ್ಟರ್‌ಜೀ ಕಿಧರ್ ಹೈ, ಚಾಚಿ?” ಎಂದು ಮಾಸ್ತರರನ್ನು ವಿಚಾರಿಸಿದ. ನಾನು ಉತ್ತರಿಸಲು ಬಾಯಿ ತೆರೆದೆ. ಬಾಗಿಲ ಬಳಿ ಕೂತಿದ್ದ ಕಾಕು ಎಡಗೈ ಎತ್ತಿ ನನ್ನನ್ನು ತಡೆದಳು. ಫೋನನ್ನು ಹೊಸ್ತಿಲ ಮೇಲಿಟ್ಟುಕೊಂಡು, ನಡುಗುವ ಹೆಬ್ಬೆರಳಿನಿಂದ ಕುರ್ಚಿಯನ್ನು ಒತ್ತಿದಳು.

ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆಕೆಯ ಮುಖ ನೋಡುತ್ತ ನಿಂತ. ಆಮೇಲೆ ಕಟ್ಟನ್ನು ಬುಟ್ಟಿಯಲ್ಲಿಟ್ಟು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಅಲ್ಲೇ ಕುಕ್ಕರಗಾಲಲ್ಲಿ ಕೂತ.

ಕಾಕು ಇನ್ನೊಮ್ಮೆ ಒತ್ತಿದಳು.