‘ಅದ್ಭುತ’ದಿಂದ ಸಿಕ್ಕಿಬಿದ್ದೆ

“ಪಾಯಸ ಅದ್ಭುತ, ಹೋಳಿಗೆಯೂ ಅದ್ಭುತ!” ಬಂಟ್ವಾಳದಲ್ಲಿ ಮದುವೆ ಊಟಕ್ಕೆ ಕುಳಿತು ಬಾಯಿ ಚಪ್ಪರಿಸುತ್ತಿದ್ದೆ. ಪಕ್ಕದ ಎಲೆಯ ಅಪರಿಚಿತ ಮಹಿಳೆ ನಗುತ್ತಾ ತಿರುಗಿದರು.

“ನೀವು ನಮ್ಮ ಆನ್‌ಲೈನ್ ಬರಹ ಬಳಗದ ಶಶಿಕಲಾ ಅಲ್ವಾ? ವಾರ ವಾರ ನಿಮ್ಮ ಬರಹದಿಂದ ‘ಅದ್ಭುತ’ಗಳನ್ನು ತೆಗೆಯುವ ಮಡಂತ್ಯಾರಿನ ವಸಂತಿ ನಾನೇ!”

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗಿಟ್ಟು ಅವರತ್ತ ತಿರುಗಿದೆ. ಬಳಗದಲ್ಲಿ ಕೊಟ್ಟ ವಿಷಯಕ್ಕೆ ಆಸೆಯಿಂದ ಬರೆದು ಕಳಿಸಿದರೆ ಅರ್ಧಕ್ಕರ್ಧ ಕತ್ತರಿಸುವವರು ಇವರೇ. ಬೇಸರವಾಗಿ ಬಳಗ ಬಿಡುವವಳಿದ್ದೆ. ಅದನ್ನು ಹೇಳಿಯೂ ಬಿಟ್ಟೆ.

“ಅಯ್ಯೋ, ಬಿಡ್ಬೇಡಿ ಮಾರಾಯ್ರೆ! ನಿಮ್ಮ ಬರಹ ಬಂದ್ರೆ ಮೊದಲು ಮನೆಯವರಿಗೆಲ್ಲ ಓದಿ ಹೇಳ್ತೇನೆ. ಕತ್ತರಿಸುವುದು ಆಮೇಲೆ.”

ನಾನು ಬಳಗ ಬಿಡಲಿಲ್ಲ. ಈಗ ಬರೆಯಲು ಕುಳಿತರೆ ಆ ಮನೆಯವರೆಲ್ಲ ಎದುರಿಗೆ ಕುಳಿತು ಕೇಳುತ್ತಿರುವಂತೆ ಅನಿಸುತ್ತದೆ. ವಸಂತಿಯಕ್ಕನಿಗೂ ಕತ್ತರಿಸುವ ಕೆಲಸ ಸ್ವಲ್ಪ ಕಡಿಮೆಯಾಗಿದೆ.