ಕೆಂಪತ್ತೆಯ ಕಾಶಿ ಪಾರ್ಟಿ

ಯಾವ ಹೊಸ ಮಾತು ಬಂದರೂ ನನ್ನ ಸೋದರತ್ತೆ ಕೆಂಪಮ್ಮನವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಅದ್ಸರಿ, ಗೇಯೋರ್ಯಾರು?" ಮಗ ಇನ್ನೊಂದು ಎಮ್ಮೆ ತರುತ್ತೇನೆಂದರೆ, "ಸಗಣಿ ಬಾಚೋರ್ಯಾರ್ಲಾ?" ಎನ್ನುವರು. ಮೈಸೂರಿನಲ್ಲಿ ಓದು ಮುಗಿಸಿ ಬಂದ ನಾನು ಚಿಕ್ಕರಸಿನಕೆರೆಯಲ್ಲಿ ವಯಸ್ಕರಿಗಾಗಿ ರಾತ್ರಿ ಶಾಲೆ ತೆರೆಯಬೇಕೆಂದು ಅವರ ಜಗಲಿಯ ಮೇಲೆ ನಿಂತು ದೀರ್ಘವಾಗಿ ಭಾಷಣ ಮಾಡಿದೆ. ಕೊನೆಯವರೆಗೂ ಗೌರವದಿಂದ ಕೇಳಿದ ಅತ್ತೆ, "ಲಾಟೀನಿನ ಮಸಿ ಒರೆಸೋರ್ಯಾರು, ಮಗ?" ಎಂದರು. ನಾನೇ ಒರೆಸುತ್ತೇನೆ ಎಂದೆ. ಮರುದಿನವೇ ಕೊಟ್ಟಿಗೆಯ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿಕೊಟ್ಟರು.

ಮಾವ ತೀರಿಕೊಂಡ ಮೇಲೆ ಆ ದೊಡ್ಡ ಮನೆಯ ಯಜಮಾನಿಕೆ ಅವರದೇ ಆಗಿತ್ತು. ಎತ್ತರದ ಆಳು, ಗಡಸು ದನಿ, ಮೊಣಕೈಯವರೆಗೂ ಹಚ್ಚೆ. ಎತ್ತು ಕೊಳ್ಳಲು ಮಳವಳ್ಳಿಯವರೆಗೂ ತಾವೇ ಗಾಡಿ ಕಟ್ಟಿಸಿಕೊಂಡು ಹೋಗುವರು. ಎತ್ತಿನ ಹಲ್ಲು ನೋಡುವಷ್ಟೇ ನಿಧಾನವಾಗಿ ಮಾರುವವನ ಮುಖವನ್ನೂ ನೋಡುವರು. ಅವರು ಯಾರನ್ನಾದರೂ ಬಾಯಿತುಂಬ ಹೊಗಳಿದ್ದನ್ನು ನಾನು ಕೇಳಿಲ್ಲ.

ನಾಲೆಯ ನೀರು ಹರಿದು, ಗದ್ದೆಗಳಲ್ಲಿ ಕಬ್ಬು ನಿಂತು, ನಮ್ಮ ಸೀಮೆಯ ರೈತರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದ್ದ ಕಾಲವದು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಅತ್ತೆ ಮನೆಮಂದಿಯನ್ನೆಲ್ಲ ಕಾಶಿಗೆ ಕರೆದೊಯ್ಯುವುದಾಗಿ ಹೇಳಿದರು. ಹೋಗುವ ದಾರಿ ಎರಡಿದ್ದವು. ತಾವೇ ಟಿಕೀಟು ಕೊಂಡು, ಛತ್ರಗಳಲ್ಲಿ ಇಳಿದು, ಬೇಯಿಸಿಕೊಂಡು ತಿಂದು ಬರುವುದು ಒಂದು. ಮೈಸೂರಿನಿಂದ ಹೊರಡುತ್ತಿದ್ದ ಯಾತ್ರಾ ಪಾರ್ಟಿಯನ್ನು ಸೇರುವುದು ಇನ್ನೊಂದು. ಪಾರ್ಟಿಯಲ್ಲಿ ಕುಟುಂಬಗಳಿಗೆಂದೇ ರೈಲಿನ ಡಬ್ಬಿ, ಜೊತೆಗೆ ಅಡುಗೆಯವರು, ದಾರಿ ತೋರಿಸಲು ಭಾಷೆ ಬಲ್ಲವರು, ಮೊದಲೇ ಗೊತ್ತುಮಾಡಿದ ಬಿಡಾರ. ಖರ್ಚು ಮಾತ್ರ ಎರಡರಷ್ಟು.

ಜಗಲಿಯ ಮೇಲೆ ಇದರ ವಿಚಾರಣೆ ನಡೆಯಿತು. ಅತ್ತೆಯ ಹಿರಿಯ ಮಗ ಬೋರೇಗೌಡರು ಪಾರ್ಟಿಗೆ ವಿರುದ್ಧ.

"ದುಡ್ಡೇನ್ ಕಬ್ಬಿನ ಸೋಗೆಯಾ ಅವ್ವ? ನಾವೇ ಓಗ್ಬುಟ್ರೆ ಅರ್ಧಕ್ಕರ್ಧ ಉಳೀತದೆ. ಛತ್ರ ಅವೆ. ಎಂಗಸ್ರು ಬೇಯಿಸ್ತಾರೆ."

ನಾನು ಪಾರ್ಟಿಯ ಪರವಾಗಿ ನಿಂತೆ. ಬಲ್ಲವರೊಡನೆ ಹೋದರೆ ಬರಿಯ ಗುಡಿಗಳನ್ನಲ್ಲ, ದೇಶವನ್ನು ನೋಡಿದಂತಾಗುತ್ತದೆ; ಭಾಷೆ ಬಾರದವರನ್ನು ಕ್ಷೇತ್ರಗಳಲ್ಲಿ ಸುಲಿಯುವವರಿಂದ ರಕ್ಷಣೆ ಸಿಗುತ್ತದೆ; ಹೊಲ ಗದ್ದೆಗಳಾಚೆಗೆ ಕಾಲಿಡದ ಹೆಂಗಸರಿಗೆ ಇದೇ ಒಂದು ವಿದ್ಯಾಭ್ಯಾಸ ಎಂದು ಕಾಲೇಜಿನ ಚರ್ಚಾಕೂಟದ ಕ್ರಮದಲ್ಲೇ ಮಂಡಿಸಿದೆ.

"ನೀನು ಇಂದಿ ಕಲ್ತಿದ್ದೀಯಲ್ಲ, ನೀನೇ ಬಾರ್ಲಾ," ಎಂದರು ಬೋರೇಗೌಡರು. "ಬಿಟ್ಟಿ ಗೈಡು!"

ಎಲ್ಲರೂ ನಕ್ಕರು. ಆಗ ಒಳಗಿನಿಂದ ಕೆಮ್ಮು ಕೇಳಿಸಿತು. ಅದು ಹಿರಿಯ ಸೊಸೆ ಪುಟ್ಟಮ್ಮಕ್ಕನದು. ಆಳುಗಳೂ ಸೇರಿದ ಆ ತುಂಬಿದ ಮನೆಗೆ ಮದುವೆಯಾಗಿ ಬಂದಂದಿನಿಂದ ಬೇಯಿಸಿ ಹಾಕುತ್ತಿದ್ದವರು ಅವರು. ಎದೆಯಲ್ಲಿ ಹೊಗೆ ಕಟ್ಟಿದೆ, ಕೆಲವು ಕಾಲವಾದರೂ ಒಲೆಯಿಂದ ದೂರವಿಡಿ, ಇಲ್ಲವಾದರೆ ಜೀವಕ್ಕೇ ಅಪಾಯ ಎಂದು ಮಂಡ್ಯದ ಡಾಕ್ಟರು ಹೇಳಿದ್ದರು.

ಅತ್ತೆ ಮಗನ ಕಡೆ ತಿರುಗಿದರು. "ಕೇಳ್ತಾ? ತೌರಿಗೆ ಕಳಿಸ್ದೆ, ಅಲ್ಲೂ ಒಲೆ ಮುಂದ್ಕೇ ಕೂರ್ಸುದ್ರು. ನಿನ್ ಛತ್ರಕ್ ಕರ್ಕೊಂಡೋದ್ರೆ ಅಲ್ಲೂ ಮೂರು ಕಲ್ಲು ಊಡ್ತೀಯ. ಊರ್ ಬದಲಾದ್ರೆ ಒಗೆ ಬದಲಾಯ್ತದಾ? ನಾನ್ ದುಡ್ ಕೊಡ್ತಿರಾದು ದೇವ್ರಿಗಲ್ಲ ಕಣ್ಲಾ, ಅಡುಗೆಯವ್ನಿಗೆ."

ನನ್ನ ವಾದಗಳ ಪೈಕಿ ಒಂದನ್ನೂ ಅವರು ಬಳಸಿಕೊಳ್ಳಲಿಲ್ಲ. ಆದರೂ ನಮ್ಮ ಪಕ್ಷ ಗೆದ್ದಿತು.

ಪಾರ್ಟಿಯ ಏಜೆಂಟರು ಮದ್ದೂರಿಗೆ ಬಂದು ಸ್ಟೇಷನ್ನಿನ ಹತ್ತಿರದ ಹೋಟೆಲೊಂದರ ಮಹಡಿಯಲ್ಲಿ ಇಳಿದಿದ್ದರು. ಅತ್ತೆಯೂ ನಾನೂ ಹೋದೆವು. ಅವರು ತ್ರಿವೇಣಿ, ವಿಶ್ವನಾಥ, ಗಯೆ ಎಂದು ವರ್ಣಿಸುತ್ತಿದ್ದರೆ ಅತ್ತೆ ತಡೆದರು.

"ತರಕಾರಿ ಎಚ್ಚೋರ್ಯಾರು ಸ್ವಾಮಿ?"

"ನಮ್ಮವರೇ ತಾಯಿ."

"ಮುಸುರೆ?"

"ಅದೂ ನಮ್ಮವರೇ. ಉಂಡ ತಟ್ಟೆ ಮಾತ್ರ..."

"ಮಾತ್ರ ಅಂದ್ರೆ?"

ಏಜೆಂಟರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. "ಎಲೆ ಹಾಕಿಸ್ತೀವಿ, ಬಿಡಿ ತಾಯಿ."

ದರದಲ್ಲಿ ಒಂದು ಕಾಸನ್ನೂ ಅತ್ತೆ ಚೌಕಾಸಿ ಮಾಡಲಿಲ್ಲ. ನಾನೂ ಅವರೊಡನೆ ಹೊರಟೆ.

ಪಾರ್ಟಿಯವರು ಮಾತಿಗೆ ತಪ್ಪಲಿಲ್ಲ, ತಪ್ಪಿದವರು ನಮ್ಮವರೇ. ಊಟವೆಂದರೆ ಅನ್ನ, ಸಾರು, ಹುಳಿ, ಒಮ್ಮೊಮ್ಮೆ ಪಾಯಸ. ಹುಟ್ಟಿದಾಗಿನಿಂದ ರಾಗಿಮುದ್ದೆ ಉಂಡ ನಮ್ಮ ಗಂಡಸರು ಪ್ರಯಾಗದವರೆಗೆ ಹೇಗೋ ತಡೆದರು. ಕಾಶಿಯಲ್ಲಿ ಬೋರೇಗೌಡರು ಹೊಟ್ಟೆ ಸವರಿಕೊಂಡು, "ಅನ್ನ ತಿಂದೂ ತಿಂದೂ ಒಳಗೆ ಬರೀ ಗಾಳಿ ಆಡ್ತದೆ ಕಣ್ಲಾ," ಎಂದು ತಮ್ಮಂದಿರೆದುರು ಗೋಳಿಟ್ಟರು. ಅದನ್ನು ಪುಟ್ಟಮ್ಮಕ್ಕ ಕೇಳಿಸಿಕೊಂಡರು.

ಆ ಸಂಜೆ ಎಲ್ಲರನ್ನೂ ದೋಣಿಯಲ್ಲಿ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ಸ್ನಾನಘಟ್ಟದ ಮೆಟ್ಟಿಲ ಮೇಲೆ ತಲೆ ಎಣಿಸಿದಾಗ ನಮ್ಮ ಗಂಡಸರೂ ಇಲ್ಲ, ಪುಟ್ಟಮ್ಮಕ್ಕನೂ ಇಲ್ಲ. ಅತ್ತೆಯೂ ನಾನೂ ಬಿಡಾರಕ್ಕೆ ಹಿಂದಿರುಗಿದೆವು. ಹಿತ್ತಿಲಲ್ಲಿ ಮೂರು ಕಲ್ಲಿನ ಮೇಲೆ ಮಡಕೆ ಕುದಿಯುತ್ತಿತ್ತು. ಸೀರೆಗಳ ಕೆಳಗೆ ಟ್ರಂಕಿನಲ್ಲಿ ರಾಗಿ ಹಿಟ್ಟನ್ನಷ್ಟೇ ಅಲ್ಲ, ಮುದ್ದೆ ತೊಳಸುವ ಕೋಲನ್ನೂ ಆ ಹೆಣ್ಣುಮಗಳು ಚಿಕ್ಕರಸಿನಕೆರೆಯಿಂದ ತಂದಿದ್ದರು! ಹೊಗೆಯ ನಡುವೆ ಕೂತು ಕೆಮ್ಮುತ್ತಿದ್ದರು. ಗಂಡಸರು ಗೋಡೆಗೊರಗಿ ಸಾಲಾಗಿ ಕಾಯುತ್ತಿದ್ದರು.

"ಅವ್ರು ಸೊರಗೋಗವ್ರೆ ಅತ್ತೆ," ಎಂದರು ಪುಟ್ಟಮ್ಮಕ್ಕ ಹೆದರಿಕೊಂಡು.

ಅತ್ತೆ ಬೈಯಲಿಲ್ಲ. ಸೊಸೆಯ ಕೈಯಿಂದ ಕೋಲನ್ನು ತೆಗೆದುಕೊಂಡು ಮಗನ ಕೈಗಿಟ್ಟರು. "ಇಟ್ಟು ತಾನೆ? ತೊಳಸ್ಕಳಪ್ಪ. ದೋಣಿ ಓಯ್ತದೆ, ನಾವ್ ಬತ್ತೀವಿ."

"ನಂಗೆಲ್ ಬತ್ತದೆ ಅವ್ವ?"

"ಅವ್ಳೇನ್ ಕಲ್ತು ಉಟ್ಟಿದ್ಲಾ?"

ಸೊಸೆಯ ರಟ್ಟೆ ಹಿಡಿದು ಮೆಟ್ಟಿಲಿಳಿಸಿ ದೋಣಿಯಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ನಾವು ಮರಳಿದಾಗ ಬೋರೇಗೌಡರು ಸುಟ್ಟ ಬೆರಳನ್ನು ನೀರಿನಲ್ಲಿ ಅದ್ದಿಕೊಂಡಿದ್ದರು. ಮುದ್ದೆಯೊಳಗೆ ಗೋಲಿಯಂತೆ ಹಸಿಹಿಟ್ಟಿನ ಗಂಟುಗಳು. ಕಾಶಿಯಲ್ಲಿ ಪ್ರಿಯವಾದ ತಿನಿಸೊಂದನ್ನು ಬಿಟ್ಟು ಬರುವುದು ಪದ್ಧತಿಯಲ್ಲವೆ? "ಇಟ್ಟನ್ನೇ ಬುಟ್ಬುಡ್ಲಾ," ಎಂದರು ಅತ್ತೆ. ಮಗನ ಮುಖ ಬಿಳುಪೇರಿತು. ಅವರು ಹಾಗಲಕಾಯಿ ಬಿಟ್ಟರು; ಅದನ್ನು ಅವರು ಎಂದೂ ತಿಂದವರಲ್ಲ.

ಯುದ್ಧ ಬಂತು, ಹೋಯಿತು. ನಾನು ಸಭೆಗಳ ಗದ್ದಲದಲ್ಲಿ ಆ ಊರಿಗೆ ಹೋಗುವುದೇ ಕಡಿಮೆಯಾಯಿತು. ಸ್ವಾತಂತ್ರ್ಯ ಬಂದ ವರ್ಷ ಅತ್ತೆ ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಒಂದು ಮಧ್ಯಾಹ್ನ ಹೋದೆ. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡದ್ದರಿಂದ ಅದೇ ಕೊನೆಯ ಭೇಟಿಯಾಯಿತು. ದನಿ ತಗ್ಗಿತ್ತು, ನೋಟ ತಗ್ಗಿರಲಿಲ್ಲ. ಪಕ್ಕದ ಮನೆಯ ನಿಂಗಮ್ಮ ಮಂಚದ ಕಾಲಬಳಿ ಕೂತಿದ್ದಳು. ಅವಳ ಮನೆಯಲ್ಲೂ ಕಾಶಿಯ ಮಾತೆದ್ದಿತ್ತು.

"ಪಾರ್ಟಿಗೆ ಅಷ್ಟೊಂದ್ ಸುರೀಬೇಕಾ ಕೆಂಪಕ್ಕ? ನೀವ್ ಕಂಡೋರು, ಯೋಳಿ."

"ನನ್ನ್ಯಾಕ್ ಕೇಳೀಯೆ? ಅವಳ್ನ ಕೇಳು," ಎಂದು ಅತ್ತೆ ಅಡುಗೆಮನೆಯ ಕಡೆ ಗಲ್ಲವೆತ್ತಿದರು.

ಪುಟ್ಟಮ್ಮಕ್ಕ ಸೆರಗಿನಲ್ಲಿ ಕೈಯೊರೆಸುತ್ತಾ ಬಾಗಿಲಿಗೆ ಬಂದರು.

"ಕೆಮ್ಮು ಓದಂಗ್ ಓಗಿ ಬಂತು ನಿಂಗವ್ವ. ಬಂದ ದಿನ್ದಿಂದ ಅದೇ ಒಲೆ. ದೇವ್ರ ಮೊಕಾನೂ ಈಗ ಸರ್ಯಾಗ್ ಗ್ಯಾಪ್ಕ ಇಲ್ಲ. ಆದ್ರೆ ಎಲ್ರ ಜೊತೆ ಎಲೆ ಮುಂದೆ ಕೂತಿದ್ದೆ ನೋಡು. 'ಇನ್ನೊಸಿ ಬಡಿಸ್ಲಾ ತಾಯಿ' ಅಂತ ಯಾರೋ ನನ್ನ ಕೇಳ್ದ. ಈ ಮನೆಗ್ ಬಂದ್ ಮ್ಯಾಕೆ ಬಿಸಿ ಅನ್ನ ಉಂಡಿದ್ದು ಅಲ್ಲೇ ಕಣವ್ವ."

ಅತ್ತೆ ಗೋಡೆಯ ಕಡೆ ಮಗ್ಗುಲಾದರು.

"ದುಡ್ ಕಟ್ಟು ನಿಂಗಿ," ಎಂದರು. "ಸೊಸೇರ ಎಸ್ರು ಮೊದ್ಲು ಬರ್ಸು."

ಪುಟ್ಟಮ್ಮಕ್ಕ ಅದನ್ನು ಕೇಳಿಸಿಕೊಳ್ಳಲು ಅಲ್ಲಿರಲಿಲ್ಲ. ಒಳಗೆ ಸಾರು ಉಕ್ಕುತ್ತಿತ್ತು.