ರೊಟ್ಟಿ ಬಡಿಯುತ್ತ ಪ್ರಶ್ನೆ ಬಿಡಿಸಿದ್ದು

“ನಿನ್ನಿ ಆ ಸಕ್ಕರಿ ಅಜ್ಜ ಈಗ ಹೆಂಗದಾನವಾ?” ಎಂದು ಅತ್ತೆ ಕೇಳಿದಾಗ ನಾನು ಕೆಲಸದಿಂದ ಬಂದು ಇನ್ನೂ ಬೂಟು ಬಿಚ್ಚುತ್ತಿದ್ದೆ. ಯಾವ ಅಜ್ಜ ಎಂದು ತಕ್ಷಣ ತಿಳಿಯಲಿಲ್ಲ. ನಾನು ಕೆಲಸಕ್ಕಿದ್ದದ್ದು ರೆಸ್ಟ್ ಹೋಮಿನಲ್ಲಿ, ಅಂದರೆ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ. ಅಲ್ಲಿ ಸಕ್ಕರೆ ಕಾಯಿಲೆಯ ಅಜ್ಜಂದಿರಿಗೇನೂ ಬರವಿರಲಿಲ್ಲ. ಆಮೇಲೆ ಹೊಳೆಯಿತು, ಅವರು ವಿಚಾರಿಸುತ್ತಿದ್ದದ್ದು ನನ್ನ ಫೋನಿನೊಳಗಿನ ಅಜ್ಜನನ್ನು.

“ಅತ್ಯಾರ, ಅಂವ ಖರೇ ಅಜ್ಜ ಅಲ್ಲರಿ. ಪರೀಕ್ಷಾದ ಪ್ರಶ್ನಿ ಅದು.”

“ಪ್ರಶ್ನಿ ಆದ್ರ ಏನಾತು? ಬೆವತು ನಡಗಾಕತ್ತಾನ ಅಂತ ನೀನ ಓದಿದಿ. ಅಂವನ್ನ ಅಲ್ಲೇ ಬಿಟ್ಟು ಊಟಕ್ಕ ಕುಂತಿ.”

ಊರಿನ ದೊಡ್ಡಾಸ್ಪತ್ರೆಯಲ್ಲಿ ನಾನು ವರ್ಷಗಟ್ಟಲೆ ನರ್ಸಾಗಿದ್ದವಳು. ನನ್ನ ವಾರ್ಡಿಗೆ ಹೊಸದಾಗಿ ಬಂದ ಹುಡುಗಿಯರು ನನ್ನ ಚಪ್ಪಲಿ ಸಪ್ಪಳಕ್ಕೇ ಎದ್ದು ನಿಲ್ಲುತ್ತಿದ್ದರು. ನ್ಯೂಜಿಲೆಂಡಿಗೆ ಬಂದ ಮೇಲೆ ಆ ಸಪ್ಪಳ ಯಾರಿಗೂ ಕೇಳಿಸಲಿಲ್ಲ. ಇಲ್ಲಿ ನರ್ಸ್ ಎನ್ನಿಸಿಕೊಳ್ಳಬೇಕಾದರೆ ಇಲ್ಲಿಯ ಪರೀಕ್ಷೆ ಪಾಸಾಗಬೇಕು. ಅಲ್ಲಿಯತನಕ ಹಾಸಿಗೆ ಮಡಚಬಹುದು, ಸ್ನಾನ ಮಾಡಿಸಬಹುದು, ಚಹಾ ಕೊಡಬಹುದು. ಮಾತ್ರೆ ಕೊಡುವ ಗಾಡಿ ಎದುರಿಗೇ ಹಾದು ಹೋದರೂ ಮುಟ್ಟುವಂತಿಲ್ಲ.

ಎರಡು ಭಾಗದ ಆ ಪರೀಕ್ಷೆಯನ್ನು ಒಂದು ಸಲ ಬರೆದು ಆಗಿತ್ತು. ಔಷಧಿಯ ಲೆಕ್ಕದಲ್ಲಿ ಪಾಸು, ಶುಶ್ರೂಷೆಯಲ್ಲಿ ನಪಾಸು. ಅಡುಗೆಯವಳು ಲೆಕ್ಕದಲ್ಲಿ ಪಾಸಾಗಿ ಸಾರಿನಲ್ಲಿ ನಪಾಸಾದ ಹಾಗೆ. ಇನ್ನೊಂದು ಸಲ ಬರೆಯುತ್ತೇನೆ, ಆಗದಿದ್ದರೆ ನರ್ಸಿಂಗಿನ ಮಾತೇ ಬೇಡ, ಬೇರೆ ಏನಾದರೂ ಕಲಿಯುತ್ತೇನೆ ಎಂದು ನಾನೇ ನಿರ್ಧಾರ ಮಾಡಿದ್ದೆ. ಗಂಡ ವಿಮಾನ ನಿಲ್ದಾಣದ ಹತ್ತಿರ ಗೋದಾಮಿನಲ್ಲಿ ಕೆಲಸಕ್ಕಿದ್ದರು. “ನಿನಗ ಹೆಂಗ ಬೇಕೋ ಹಂಗ” ಎಂದರು. ಆದರೆ ಅಂದಿನಿಂದ ನನ್ನೆದುರು ನಡೆಯುವಾಗ ಮೆಲ್ಲಗೆ ನಡೆಯತೊಡಗಿದರು. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಅಭ್ಯಾಸದ ಪ್ರಶ್ನೆಗಳು ಫೋನಿನಲ್ಲಿರುತ್ತಿದ್ದವು. ಒಬ್ಬ ರೋಗಿ, ಅವನ ಒಂದು ಫಜೀತಿ, ಕೆಳಗೆ ನಾಲ್ಕು ಉತ್ತರ. ನರ್ಸ್ ಮೊದಲು ಏನು ಮಾಡಬೇಕು? ನಾಲ್ಕೂ ಸರಿಯಾಗಿಯೇ ಕಾಣುತ್ತವೆ. ಕೆಲಸ ಮುಗಿಸಿ ಬಂದು ಅಡುಗೆಮನೆಯಲ್ಲಿ ಕೂತು ನಾನು ಅವನ್ನು ಗಟ್ಟಿಯಾಗಿ ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದೆ, ಇಂಗ್ಲಿಷಿನಲ್ಲೇ ಇಟ್ಟುಕೊಂಡರೆ ತಲೆ ಜೋಮು ಹಿಡಿಯುತ್ತಿತ್ತು. ಅತ್ತೆ ಆ ಹೊತ್ತಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದರು. ನಾವಿದ್ದ ಬಡಾವಣೆ ಪಾಪಟೋಟೊಯಿಯ ಅಂಗಡಿಯಲ್ಲಿ ಸಿಗುವ ಹಿಟ್ಟಿಗೆ ಜಿಗುಟಿಲ್ಲ ಎಂದು ಅದನ್ನು ದಿನಾ ಬೈದು, ದಿನಾ ಚಂದ್ರನಷ್ಟು ದುಂಡಗೆ ಬಡಿಯುತ್ತಿದ್ದರು. ಹಂಚು ಹೊಗೆಯಾಡಿದರೆ ಚಾವಣಿಯ ಅಲಾರಂ ಕಿರುಚುತ್ತದೆಂದು ಕಿಟಕಿ ತೆರೆದಿಡುವುದು ನನ್ನ ಪಾಲಿನ ಕೆಲಸ.

ಸಕ್ಕರೆ ಅಜ್ಜ ಬಂದದ್ದು ಹಾಗೆ. ನಾನು “ಡಾಕ್ಟರಿಗೆ ತಿಳಿಸಬೇಕು” ಅಂದೆ. ಅತ್ತೆ “ಬಾಯಾಗ ಬೆಲ್ಲ ಹಾಕಬೇಕು” ಅಂದರು. ಫೋನು ಇಬ್ಬರಿಗೂ ತಪ್ಪು ಹಾಕಿತು. ಮೊದಲು ಬೆರಳಿಗೆ ಚುಚ್ಚಿ ಸಕ್ಕರೆ ಎಷ್ಟಿದೆ ನೋಡಬೇಕಂತೆ, ಬೆಲ್ಲ ಆಮೇಲೆ.

“ನಾನು ಬೆಲ್ಲದ ತನಕ ಆದ್ರೂ ಹೋದೆ. ನೀ ಇನ್ನೂ ಡಾಕ್ಟರ ಬಾಗಲದಾಗ ನಿಂತಿ” ಎಂದರು ಅತ್ತೆ.

ಆ ಮಾತು ಚುಚ್ಚಿತು, ಯಾಕೆಂದರೆ ನನ್ನ ತಪ್ಪುಗಳೆಲ್ಲ ಅದೇ ಬಾಗಿಲಲ್ಲೇ ನಿಂತಿದ್ದವು. ನಮ್ಮ ವಾರ್ಡಿನಲ್ಲಿ ಎಲೆ ಅಲುಗಿದರೂ ಡಾಕ್ಟರಿಗೆ ಹೇಳುವುದು ರೂಢಿ. ರೋಗಿಯ ಸುದ್ದಿಯೇನಿದ್ದರೂ ಮಗನಿಗೆ, ಮಗನಿಲ್ಲದಿದ್ದರೆ ಅಳಿಯನಿಗೆ. ಮಂಚದ ಮೇಲಿದ್ದವರನ್ನು ಕೇಳುವುದು ಊಟ ಆಯಿತೇ ಎಂಬುದನ್ನು ಮಾತ್ರ. ಈ ಫೋನು ಮಾತ್ರ ಹಟ ಹಿಡಿದವರಂತೆ ಒಂದನ್ನೇ ಹೇಳುತ್ತಿತ್ತು: ಮೊದಲು ನೋಡು, ಮೊದಲು ಅವರನ್ನೇ ಕೇಳು.

ಅತ್ತೆಗೆ ಉತ್ತರದ ಚಿಂತೆ ಇರಲಿಲ್ಲ, ಮನುಷ್ಯರ ಚಿಂತೆ. ಹೆರಿಗೆಯಾಗಿ ಅಳುತ್ತ ಕೂತ ಹುಡುಗಿಯ ಪ್ರಶ್ನೆ ಓದಿದರೆ, “ಆಕಿ ಅವ್ವ ಬಂದಾಳೇನು?” ಎಂದು ಕೇಳುವರು. “ಅದನ್ನ ಬರದಿಲ್ಲರಿ” ಎಂದರೆ, “ಅದನ್ನ ಬರೀಲಾರದ ಮತ್ತೇನ ಬರದಾರ?” ಬಿದ್ದು ಸೊಂಟ ಮುರಿದುಕೊಂಡ ರೈತನಿಗೆ ದನ ಎಷ್ಟು, ಈಗ ಹಾಲು ಹಿಂಡುವವರು ಯಾರು ಎಂಬ ವಿಚಾರಣೆ. ಒಂದು ಪ್ರಶ್ನೆಗೆ ಮಾತ್ರ ಅವರು ನನಗಿಂತ ಮೊದಲೇ ಸರಿಯುತ್ತರ ಹೇಳಿದರು. ಇಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನರ ಹಿರಿಯರೊಬ್ಬರ ಕಾಲಿಗೆ ಬಾವು, ಕಾಲೆತ್ತಿ ಇಡಬೇಕು, ಹತ್ತಿರದಲ್ಲಿರುವುದು ಅವರ ತಲೆದಿಂಬು ಮಾತ್ರ.

“ತಲಿಗೆ ಇಟ್ಟದ್ದನ್ನ ಕಾಲಿಗೆ ಇಡ್ತಾರೇನು? ಬ್ಯಾರೆ ತರಬೇಕು.”

“ಸರಿ ಅತ್ಯಾರ. ಇಲ್ಲೆನೂ ತಲಿ ಅಂದ್ರ ಪವಿತ್ರ.”

“ಇದನ್ನೂ ಪರೀಕ್ಷಾದಾಗ ಕೇಳ್ತಾರ?” ಎಂದು ಅವರು ಇಡೀ ಪರೀಕ್ಷೆಯ ಬಗ್ಗೆ ಮರ್ಯಾದೆ ಕಡಿಮೆ ಮಾಡಿಕೊಂಡರು.

ಪರೀಕ್ಷೆಗೆ ಕೆಲವೇ ದಿನ ಉಳಿದಿದ್ದಾಗ ಒಂದು ಸಂಜೆ ಚಹಾಕ್ಕೆ ಏಲಕ್ಕಿ ಬೇಕಾಯಿತು. ಅತ್ತೆ ತಮ್ಮ ಊರಿನಿಂದ ತಂದ ಪುಟ್ಟ ಸ್ಟೀಲ್ ಡಬ್ಬಿ ತೆಗೆದೆ. ಏಲಕ್ಕಿಯ ನಡುವೆ ಸಣ್ಣ ಬಿಳಿ ಮಾತ್ರೆಗಳು, ಒಂದಲ್ಲ, ಒಂದು ಹಿಡಿ. ಅವು ಅತ್ತೆಯ ಮೈಯಲ್ಲಿ ತುಂಬಿದ ನೀರು ಇಳಿಸುವ ಮಾತ್ರೆಗಳು. ಅವರಿಗೆ ರಕ್ತದೊತ್ತಡ, ಕಾಲಲ್ಲಿ ಬಾವು. ದಿನಾ ಬೆಳಿಗ್ಗೆ ನಾನೇ ಅಂಗೈಗೆ ಹಾಕುತ್ತಿದ್ದೆ, ಅವರು ನೀರು ಕುಡಿದು “ನುಂಗಿದೆ” ಎನ್ನುತ್ತಿದ್ದರು.

ನಾನು ಏನು ಮಾಡಿದೆ ಎಂದರೆ, ಗಂಡನನ್ನು ಕರೆದೆ. “ರೀ, ನೋಡ್ರಿಲ್ಲೆ ನಿಮ್ಮವ್ವನ ಕೆಲಸ.” ಅವರು ಡಬ್ಬಿಯೊಳಗೆ ಇಣುಕಿ, “ಯವ್ವಾ, ಏನಬೇ ಇದು? ಪಾರ್ಶ್ವವಾಯು ಹೊಡದ್ರ ಏನ ಮಾಡೂದು?” ಎಂದು ಶುರು ಮಾಡಿದರು. ನಾನು ಅಷ್ಟರಲ್ಲಿ ಕ್ಲಿನಿಕ್ಕಿನ ನಂಬರು ಹುಡುಕುತ್ತಿದ್ದೆ.

ಅತ್ತೆ ಹಿಟ್ಟಿನ ಉಂಡೆ ಕೈಗೆತ್ತಿಕೊಂಡು ರೊಟ್ಟಿ ಬಡಿಯಲು ತೊಡಗಿದರು.

“ತಂಗಿ, ಫೋನ್ ಬದಿಗಿಡು. ನಾ ಒಂದ ಪ್ರಶ್ನಿ ಓದ್ತೀನಿ. ಪಾಪಟೋಟೊಯಿದಾಗ ಒಬ್ಬಾಕಿ ಮುದುಕಿ ಅದಾಳ. ಮಾತ್ರಿ ನುಂಗವಲ್ಲಳು. ನರ್ಸ್ ಮೊದಲ ಏನ ಮಾಡಬೇಕು?”

ರೊಟ್ಟಿ ಟಪ್ ಟಪ್ ಎಂದು ಅಗಲವಾಗುತ್ತಿತ್ತು.

“ಒಂದನೇದು, ಮಗನಿಗೆ ಚಾಡಿ ಹೇಳೂದು. ಎರಡನೇದು, ಡಾಕ್ಟರಿಗೆ ಫೋನ್ ಮಾಡೂದು. ಮೂರನೇದು, ಪಾರ್ಶ್ವವಾಯು ಹೊಡೀತದ ಅಂತ ಮುದುಕಿನ್ನ ಹೆದರಸೂದು.”

ನಾಲ್ಕನೆಯದನ್ನು ಹೇಳಲಿಲ್ಲ. ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ನನ್ನನ್ನೇ ನೋಡುತ್ತ ನಿಂತರು. ಗಂಡ ಮೂರನೆಯದು ತಮ್ಮದೆಂದು ಗೊತ್ತಾಗಿ ಮೆಲ್ಲಗೆ ಕಿಟಕಿಯ ಕಡೆ ಸರಿದರು.

ನಾನು ಫೋನು ಕೆಳಗಿಟ್ಟೆ. ಕುರ್ಚಿ ಎಳೆದುಕೊಂಡು ಅವರ ಹತ್ತಿರ ಕೂತೆ. “ಅತ್ಯಾರ, ಮಾತ್ರಿ ಯಾಕ ನುಂಗಲಿಲ್ಲರಿ?”

“ಆಂ, ಈಗ ಕೇಳಿದಿ. ಮೊದಲ ಅಂವನ್ನ ಹೊರಗ ಕಳಸು.”

ಗಂಡ ಹೊರಗೆ ಹೋದ ಮೇಲೆ ಹೇಳಿದರು. ಮಾತ್ರೆ ನುಂಗಿದ ಮೇಲೆ ಮಧ್ಯಾಹ್ನದವರೆಗೆ ಮತ್ತೆ ಮತ್ತೆ ಒಂದಕ್ಕೆ ಹೋಗಬೇಕಾಗುತ್ತದೆ. ಮನೆಯಲ್ಲಿದ್ದರೆ ತೊಂದರೆಯಿಲ್ಲ. ಆದರೆ ಶನಿವಾರ ಬೆಳಿಗ್ಗೆ ಸಂತೆ. ವಾರದ ನಡುವೆ ಪಕ್ಕದ ಬೀದಿಯ ಗುಜರಾತಿ ಆಂಟಿಯ ಜೊತೆ ಲೈಬ್ರರಿಯ ಕಡೆ ವಾಕಿಂಗು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಮಾತು ಮಾತ್ರ ನಿಲ್ಲದು. ಹೊರಗಿನ ಪಾಯಖಾನೆಗಳಲ್ಲಿ ನೀರಿಲ್ಲ.

“ಕಾಗದ ಇಟ್ಟಿರ್ತಾರ. ನಾ ಏನ ಪತ್ರ ಬರೀಬೇಕೇನು ಅಲ್ಲೆ ಕುಂತು?”

ನಾನು ನಗಬಾರದೆಂದು ತುಟಿ ಕಚ್ಚಿದೆ. ಅವರೇ ಮೊದಲು ನಕ್ಕರು. ನರ್ಸಾಗಿ ಇಷ್ಟು ವರ್ಷದಲ್ಲಿ “ಮಾತ್ರೆ ನುಂಗು” ಎಂದು ಎಷ್ಟೋ ಜನರನ್ನು ಬೈದಿದ್ದೇನೆ. ಅವರಲ್ಲಿ ಎಷ್ಟು ಮಂದಿಗೆ ಹೋಗಬೇಕಾದ ಸಂತೆಯಿತ್ತೋ.

“ಇದನ್ನ ಡಾಕ್ಟರಿಗೆ ಹೇಳ್ಲೇನ್ರಿ?” ಎಂದೆ.

“ಹೇಳು. ಕೇಳಿದಿಯಲ್ಲ, ಹೇಳು.”

ಡಾಕ್ಟರು ಒತ್ತಡ ನೋಡಿ, ಕಾಲು ನೋಡಿ, ಹೊರಗೆ ಹೋಗುವ ದಿನ ಮನೆಗೆ ಬಂದ ಮೇಲೆ ನುಂಗಿದರೂ ಆಗುತ್ತದೆ, ಬಿಡುವುದು ಮಾತ್ರ ಬೇಡ ಎಂದರು. ನಾನು ಒಂದು ಸಣ್ಣ ನೀರಿನ ಬಾಟಲಿ ತಂದು ಅವರ ಸಂತೆಚೀಲದಲ್ಲಿಟ್ಟೆ. ಗುಜರಾತಿ ಆಂಟಿಗೂ ಒಂದು ಬೇಕು ಎಂದು ಮರುದಿನವೇ ಅಪ್ಪಣೆಯಾಯಿತು.

ಪರೀಕ್ಷೆಯ ದಿನ ಕಂಪ್ಯೂಟರಿನ ಮುಂದೆ ಕೂತಾಗ ಮೊದಲಿನಂತೆಯೇ ಬೆರಳು “ಡಾಕ್ಟರಿಗೆ ತಿಳಿಸು” ಎನ್ನುವ ಕಡೆಗೇ ಹೊರಟಿತು. ಎಲ್ಲೋ ಟಪ್ ಟಪ್ ಎಂದು ರೊಟ್ಟಿಯ ಸಪ್ಪಳ ಕೇಳಿದಂತಾಗಿ ನಿಂತಿತು. ಡಾಕ್ಟರನ್ನು ಓಡಿ ಕರೆಯಲೇಬೇಕಾದ ರೋಗಿಗಳೂ ಇದ್ದರು, ಅವರಿಗಾಗಿ ಓಡಿದೆ. ಉಳಿದವರ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಒಬ್ಬೊಬ್ಬರಿಗೂ ಎಲ್ಲೋ ಒಂದು ಸಂತೆ ಇರಬಹುದು ಎಂದುಕೊಂಡು ಓದಿದೆ.

ಹೊರಗೆ ಕಾರಿನಲ್ಲಿ ಇಬ್ಬರೂ ಕಾಯುತ್ತಿದ್ದರು. ಗಂಡ, “ಹೆಂಗಾತು?” ಎಂದರು. ಅತ್ತೆ, “ಯಾರ್ಯಾರ ಬಂದಿದ್ರು ಇವತ್ತ?” ಎಂದರು.

“ಹೇಳೂ ಹಂಗಿಲ್ಲರಿ ಅತ್ಯಾರ. ಪ್ರಶ್ನಿ ಹೊರಗ ಹೇಳೂದಿಲ್ಲ ಅಂತ ಒಪ್ಪಿಕೊಂಡ ಕುಂತಿರ್ತೀವಿ.”

“ನನಗೂ ಹೇಳಬಾರದೇನು?”

“ನಿಮಗೂ.”

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಮಗನ ಭುಜ ತಟ್ಟಿ, “ಇದು ಬರೋಬ್ಬರಿ ಉತ್ತರ. ಕಾರ್ ಬಿಡು” ಎಂದರು.

ಫಲಿತಾಂಶ ಬಂದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಎರಡೂ ಭಾಗ ಪಾಸು. ಕಣ್ಣೀರಿಗೆ ಈರುಳ್ಳಿಯ ನೆಪ ಸಿಕ್ಕಿತು. ಮುಂದೆ ಕೈಯಿಂದ ಕೆಲಸ ಮಾಡಿ ತೋರಿಸುವ ಇನ್ನೊಂದು ಪರೀಕ್ಷೆ ಬಾಕಿಯಿತ್ತು, ಆದರೆ ನರ್ಸಿಂಗಿನ ಮಾತು ಬೇಡ ಎನ್ನುವ ದಿನವಂತೂ ಬರಲಿಲ್ಲ. ಗಂಡ ಮೊದಲು ನಗುತ್ತ ನಿಂತರು, ಆಮೇಲೆ ಊರಿಗೆಲ್ಲ ತಿಳಿಸಬೇಕೆಂದು ಫೋನೆತ್ತಿದರು.

ಅತ್ತೆ ಹಿಟ್ಟಿನ ಕೈಯಲ್ಲೇ ಮಗನ ಮಣಿಕಟ್ಟು ಹಿಡಿದರು.

“ತಡಿಯೋ. ಹೇಳಬೇಕೋ ಬ್ಯಾಡೋ, ಮೊದಲ ಆಕಿನ್ನ ಕೇಳು.”